ಗೋತ್ರ ಕೇಳಬ್ಯಾಡ್ರಿ, ಗುಡಿ ನೋಡಾಕ ಬಿಡ್ರಿ

ದೀಪಾವಳಿ ಸೂಟಿಯಲ್ಲಿ ನಾವು ನಾಲ್ವರು ಎರಡು ಬೈಕ್ ಹತ್ತಿ ಬದಾಮಿ ಕಡೆ ಹೋಗಿದ್ದೆವು. ಜಮಖಂಡಿಯವನೊಬ್ಬ, ಮುಧೋಳದವನೊಬ್ಬ, ಬೀಳಗಿಯವನೊಬ್ಬ, ಬನಹಟ್ಟಿಯ ನೇಕಾರರ ಮನೆಯವನೊಬ್ಬ. ನಾಲ್ವರೂ ದೇವರನ್ನು ನಂಬುವವರಲ್ಲ. ಹಂಗಂತ ಗುಡಿ ಕಂಡರೆ ಮುಖ ತಿರುಗಿಸುವವರೂ ಅಲ್ಲ.

ದಾರಿಯಲ್ಲಿ ಒಂದು ಹಳೆ ಗುಡಿ. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಿ ಸುಮ್ಮನೆ ನಿಂತೆವು. ಕೈ ಮುಗಿಯಲಿಲ್ಲ. ಅಲ್ಲಿಂದ ಶುರುವಾಯಿತು.

"ಯಾವ ಗೋತ್ರರೀ?"

"ಪೂಜಾ ಏನಿಲ್ಲರೀ, ಸುಮ್ನ ನೋಡಾಕ ಬಂದೀವಿ."

"ಸುಮ್ನ ಯಾರರ ಬರ್ತಾರೇನು? ಹೆಸರು ಹೇಳ್ರಿ."

ಹೇಳಿದೆವು. ಅಡ್ಡಹೆಸರು ಕೇಳಿದರು. ಅದನ್ನೂ ಹೇಳಿದೆವು.

"ಅಂದ್ರ ಯಾರ ಪೈಕಿ ಆತು?"

ಈ ಮಾತಿನ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂವರಿಗೆ ಅದು ಬರೀ ಮುಜುಗರ. ನಾಲ್ಕನೆಯವನು ಕೇರಿಯಿಂದ ಬಂದವನು. ಅವನ ಅಜ್ಜ ಊರ ಗುಡಿಯ ಕಟ್ಟೆ ಹತ್ತಿದವನಲ್ಲ. ಅವನು ಉತ್ತರ ಕೊಡದೆ ಹೊರಗೆ ಹೋಗಿ ಬೈಕಿನ ಮೇಲೆ ಕುಂತ. ನಾವು ಮೂವರು ತಟ್ಟೆಗೆ ಇಪ್ಪತ್ತು ರೂಪಾಯಿ ಹಾಕಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಬಂದೆವು. "ನಂಬಿಕಿ ಇಲ್ಲ ಅಂತೀರಿ, ಇದನ್ಯಾಕ ಹಚಗೊಂಡ್ರಿ?" ಅಂದ. ನಮ್ಮ ಬಳಿ ಉತ್ತರ ಇರಲಿಲ್ಲ. ಅಂಜಿಕೆ, ಅಷ್ಟೇ.

ಆ ಗುಡಿಯ ಹೆಸರು ಬರೆಯುವುದಿಲ್ಲ. ಅದೊಂದೇ ಗುಡಿಯ ರೋಗವೂ ಅಲ್ಲ.

"ನಂಬದವರು ಗುಡಿಗೆ ಯಾಕ ಬರ್ತೀರಿ?" ಅಂತ ಕೇಳುವವರಿದ್ದಾರೆ. ಯಾಕೆಂದರೆ ಗುಡಿ ದೇವರ ಮನೆ ಮಾತ್ರವಲ್ಲ, ನಮ್ಮ ನೆಲದ ದಫ್ತರವೂ ಹೌದು. ಬದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಮರುದಿನ ಪಟ್ಟದಕಲ್ಲಿಗೆ ಹೋದೆವು. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲೇ ಇದೆ. ಪಟ್ಟದಕಲ್ಲು 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಭಕ್ತರೂ ನೋಡುವವರೂ ಒಂದೇ ಬಾಗಿಲಲ್ಲಿ ಒಳಗೆ ಹೋಗುತ್ತಾರೆ. ನಾವು ಟಿಕೆಟ್ ತೋರಿಸಿದೆವು. ಯಾರೂ ಪೈಕಿ ಕೇಳಲಿಲ್ಲ. ನಮ್ಮ ನಾಲ್ಕನೆಯವನು ಅಲ್ಲಿ ಎರಡು ತಾಸು ಕಂಬಗಳ ಮುಂದಿಂದ ಕದಲಲಿಲ್ಲ.

"ಸೀರಿ ಅಂಚು ಚಂದ ಐತಿ ಅನ್ನಾಕ ಸೀರಿ ಉಟ್ಟು ನೋಡಬೇಕೇನು?" ಅಂದ ಬನಹಟ್ಟಿಯವನು. ಮುಧೋಳದ ರನ್ನ ಜೈನ. ಭೀಮ-ದುರ್ಯೋಧನರ ಕಥೆ ಹೇಳಿ ಗದಾಯುದ್ಧ ಬರೆದ. ಅದನ್ನು ಓದಲು ನಾವು ಜೈನರಾಗಬೇಕಿಲ್ಲ, ಬರೆಯಲು ಅವನು ವೈದಿಕನಾಗಬೇಕಿರಲಿಲ್ಲ.

ನಿಯಮವೇ ಬೇಡ ಅನ್ನುತ್ತಿಲ್ಲ. ಅಂಗಿ ಬಿಚ್ಚಬೇಕು, ಪಂಚೆ ಉಡಬೇಕು ಅಂತಿದ್ದರೆ ಬಾಗಿಲ ಹೊರಗೆ ದಪ್ಪ ಅಕ್ಷರದಲ್ಲಿ ಬೋರ್ಡ್ ಹಾಕಿರಿ. ಕೇರಳದ ಗುಡಿಯೊಂದರಲ್ಲಿ ಅಂಗಿ ಬಿಚ್ಚಲು ಹೇಳಿದಾಗ ಒಳಗೆ ಹೋಗಲಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2023ರಲ್ಲಿ ಹೇಳಿದ್ದರು. ಹಾಗೆ ಹೊರಗೇ ನಿಲ್ಲುವ ದಾರಿ ನಮಗೂ ಇರಲಿ. ಆದರೆ ಒಳಗೆ ಕರೆದು, ಹತ್ತು ಮಂದಿಯ ಮುಂದೆ ಜಾತಿ ಕೇಳುವುದು ನಿಯಮವಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ಕಲಂ ತೆಗೆದುಹಾಕಿದೆ. ಗೋತ್ರದ ನೆಪದಲ್ಲಿ ಅದು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದೆ.

ನಮ್ಮಂಥವರ ತಪ್ಪೂ ಐತಿ, ಮುಚ್ಚಿಡುವುದಿಲ್ಲ. ಗರ್ಭಗುಡಿ ಮುಂದೆ ರೀಲ್ಸ್ ಮಾಡುವವರು, ದೀಡ ನಮಸ್ಕಾರ ಹಾಕುವ ಅವ್ವನ ಮುಖಕ್ಕೆ ಮೊಬೈಲ್ ಹಿಡಿದು ನಗುವವರು ಇದ್ದಾರೆ. ಅಂಥವರನ್ನು ಪೂಜಾರಿ ಹೊರಗೆ ಹಾಕಿದರೆ ನಾವು ಪೂಜಾರಿಯ ಕಡೆ.

ಪೂಜಾರಿ ಅಣ್ಣಾರ, ನಾವು ಕೇಳುವುದು ದೊಡ್ಡದೇನಲ್ಲ. ಕೈ ಮುಗಿಯದವನು ಬಂದರೆ ನಿಲ್ಲಲು ಬಿಡಿರಿ. ತಟ್ಟೆ ಚಾಚುವ ಮೊದಲು ಆ ಕಂಬ ಯಾರ ಕಾಲದ್ದು ಅಂತ ಹೇಳಿರಿ. ಗೊತ್ತಿದ್ದರೆ ನಾವೇ ಖುಷಿಯಿಂದ ಐವತ್ತು ಹಾಕುತ್ತೇವೆ.

ಮೊನ್ನೆ ಬನದ ಹುಣ್ಣಿಮೆ ಜಾತ್ರೆಗೆ ನಾಟಕ ನೋಡಲು ಹೋಗೋಣ ಅಂತ ಮಾತು ಬಂತು. ದಾರಿಯಲ್ಲಿ ಎರಡು ಮೂರು ಹಳೆ ಗುಡಿ ನೋಡೋಣ ಅಂದೆವು. ನಾಲ್ಕನೆಯವನು ಅಂದ: "ನೀವು ಒಳಗ ಹೋಗ್ರಿ. ನಾ ಗಾಡಿ ಕಾಯ್ತೀನಿ."