ಅರ್ಹತಾ ಪಂದ್ಯಗಳ ಮೇಲೆ ರಾಜಕೀಯ ಸಂಘರ್ಷದ ಪರಿಣಾಮ: ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ನವದೆಹಲಿ.

ಮಾನ್ಯರೇ,

ಸೋಲಾಪುರ ಹಾಗೂ ಅಕ್ಕಲಕೋಟೆಯ ಕನ್ನಡ ಭಾಷಿಕ ಫುಟ್‌ಬಾಲ್ ಅಭಿಮಾನಿಗಳು ಒಕ್ಕೂಟದ ಗಮನಕ್ಕೆ ತರಬಯಸುವುದೇನೆಂದರೆ, ವಿಶ್ವಕಪ್ ಹಾಗೂ ಏಷ್ಯಾ ಕಪ್‌ಗಳ ಅರ್ಹತಾ ಪಂದ್ಯಗಳು, ಅಂದರೆ ಮುಖ್ಯ ಟೂರ್ನಿಯಲ್ಲಿ ಸ್ಥಾನ ಪಡೆಯಲು ತವರಿನಲ್ಲೂ ಎದುರಾಳಿಯ ನೆಲದಲ್ಲೂ ಆಡಬೇಕಾದ ಪಂದ್ಯಗಳು, ರಾಜಕೀಯ ಸಂಘರ್ಷಕ್ಕೆ ಪದೇಪದೇ ಈಡಾಗುತ್ತಿವೆ. ಸ್ವದೇಶದಲ್ಲಿ ಆಡಲಾಗದ ಅಫ್ಘಾನಿಸ್ತಾನವು ತನ್ನ ತವರಿನ ಸರದಿಯಲ್ಲಿ ಭಾರತವನ್ನು 2019ರ ನವೆಂಬರ್‌ನಲ್ಲಿ ತಜಿಕಿಸ್ತಾನದ ದುಶಾಂಬೆಯಲ್ಲಿ, 2024ರ ಮಾರ್ಚ್ 21ರಂದು ಸೌದಿ ಅರೇಬಿಯಾದ ಅಭಾದಲ್ಲಿ ಎದುರಿಸಿತು. ಹೀಗೆ ಮೂರನೆಯ ದೇಶದಲ್ಲಿ ಗೊತ್ತುಪಡಿಸುವ ಮೈದಾನಕ್ಕೆ ತಟಸ್ಥ ತಾಣವೆಂದು ಹೆಸರು. ಅಲ್ಲಿ ತವರು ತಂಡವೆನಿಸಿಕೊಂಡವರಿಗೆ ತಮ್ಮ ಊರಿನ ಜನರ ಕೂಗು ಕೇಳಿಸುವುದಿಲ್ಲ.

ಕಲಹವು ಆಡಳಿತದೊಳಗಿನದಾದರೂ ಪೆಟ್ಟು ಬೀಳುವುದು ಆಟಗಾರರಿಗೇ. 2022ರ ಆಗಸ್ಟ್‌ನಲ್ಲಿ ಫಿಫಾ ಸಂಸ್ಥೆಯು ಮೂರನೆಯವರ ಹಸ್ತಕ್ಷೇಪದ, ಅಂದರೆ ಕ್ರೀಡಾಸಂಸ್ಥೆಯ ಆಡಳಿತವನ್ನು ಹೊರಗಿನವರು ನಡೆಸುತ್ತಿದ್ದಾರೆಂಬ, ಕಾರಣ ನೀಡಿ ಭಾರತದ ಒಕ್ಕೂಟವನ್ನು ಅಮಾನತುಗೊಳಿಸಿದಾಗ, ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಗೆಂದು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಕೇರಳ ತಂಡದ ಆಟಗಾರ್ತಿಯರು ಚೆಂಡು ಮುಟ್ಟದೆ ಹಿಂದಿರುಗಬೇಕಾಯಿತು. ಆ ತಿಂಗಳ 26ರಂದು ಅಮಾನತು ರದ್ದಾಯಿತಾದರೂ ಅವರು ಕಳೆದುಕೊಂಡ ಪಂದ್ಯಗಳು ಮರಳಲಿಲ್ಲ. ಇದು ತೀರಾ ಅನ್ಯಾಯ. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ, ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಟೂರ್ನಿಯ ಭಾರತ-ಪಾಕಿಸ್ತಾನ ಪಂದ್ಯವು ಅರ್ಹತಾ ಪಂದ್ಯವಲ್ಲದಿದ್ದರೂ, ವೀಸಾ ತಡವಾಗಿ ಪಾಕಿಸ್ತಾನದ ತಂಡ ಪಂದ್ಯದ ದಿನವೇ ಬಂದಿಳಿದದ್ದನ್ನು ಇಲ್ಲಿ ನೆನೆಯಬೇಕು.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬಲ್ಲ ಈ ಭಾಗದ ಜನರಿಗೆ ಅಂಥ ಅಡ್ಡಿಯ ಅನುಭವ ಹೊಸದಲ್ಲ. ರಾಜ್ಯಗಳ ಗಡಿ ಕುರಿತ ಮಹಾಜನ ಆಯೋಗದ 1967ರ ವರದಿಯ ಕಾಲದಿಂದಲೂ ಇತ್ಯರ್ಥವಾಗದ ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆ 2022ರ ಕೊನೆಯಲ್ಲಿ ಕಾವೇರಿದಾಗ, ಮಹಾರಾಷ್ಟ್ರದ ಸಾರಿಗೆ ಬಸ್ಸುಗಳು ಕರ್ನಾಟಕಕ್ಕೆ ಹೋಗುವುದೇ ಕೆಲಕಾಲ ನಿಂತಿತ್ತು.

ಆದಕಾರಣ, ತಟಸ್ಥ ತಾಣವನ್ನು ಕೊನೆಗಳಿಗೆಯಲ್ಲಿ ಬದಲಿಸದೆ ನಿಗದಿತ ಗಡುವಿನೊಳಗೆ ಪ್ರಕಟಿಸುವ ನಿಯಮಕ್ಕಾಗಿ ಒಕ್ಕೂಟವು ಏಷ್ಯಾ ಫುಟ್‌ಬಾಲ್ ಒಕ್ಕೂಟವನ್ನು ಒತ್ತಾಯಿಸಬೇಕು. ಅಮಾನತಿನ ಆದೇಶ ಬರುವ ಮುನ್ನವೇ ಟೂರ್ನಿಗೆ ಹೊರಟ ತಂಡಗಳಿಗೆ ಆಡಿ ಮುಗಿಸುವ ಅವಕಾಶ ಸಿಗುವಂತೆ ಫಿಫಾ ಮುಂದೆ ತಿದ್ದುಪಡಿಯನ್ನು ಮಂಡಿಸಬೇಕು. ಭಾರತಕ್ಕೆ ಬರುವ ತಂಡಗಳ ವೀಸಾ ವಿಷಯವಾಗಿ ಗೃಹ ಮತ್ತು ವಿದೇಶಾಂಗ ಸಚಿವಾಲಯಗಳೊಡನೆ ವ್ಯವಹರಿಸಲು ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು. ಗಡಿ ಬಂದ್ ಆಗಿ ಪಂದ್ಯಕ್ಕೆ ತಲುಪಲಾಗದ ಪ್ರೇಕ್ಷಕರಿಗೆ ಟಿಕೆಟ್ ಹಣ ಮರಳಿಸುವ ವ್ಯವಸ್ಥೆಯೂ ಆಗಬೇಕು. ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಇಂತಿ,
ಸೋಲಾಪುರ ಮತ್ತು ಅಕ್ಕಲಕೋಟೆಯ ಕನ್ನಡ ಭಾಷಿಕ ಫುಟ್‌ಬಾಲ್ ಅಭಿಮಾನಿಗಳು