ಮನೆತನದ ಉದ್ಯಮ ಉಳಿಯುವ ಬಗೆ: ಅಡಿಲೇಡಿನ ಕೂಪರ್ಸ್ ಕಂಪೆನಿಯ ಪಾಠ

ಆಸ್ಟ್ರೇಲಿಯಾದ ಸರಕಾರವು 2025ರ ಆಗಸ್ಟ್ ತಿಂಗಳಿನಿಂದ ಎರಡು ವರ್ಷಗಳ ಕಾಲ, ಪೀಪಾಯಿಯಿಂದ ಸುರಿದು ಮಾರುವ ಬಿಯರಿನ ಮೇಲಣ ಅಬಕಾರಿ ಸುಂಕದ ಏರಿಕೆಯನ್ನು ತಡೆಹಿಡಿಯಲು ನಿರ್ಣಯಿಸಿತು. ಆ ದೇಶದಲ್ಲಿ ಈ ಸುಂಕವು 1983ರಿಂದಲೂ ಬೆಲೆಯೇರಿಕೆಯ ಸೂಚ್ಯಂಕವನ್ನನುಸರಿಸಿ ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ, ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ಏರುತ್ತ ಬಂದಿದೆ. ಈಗಿನ ವಿನಾಯಿತಿಯು ಪೀಪಾಯಿಯ ಬಿಯರಿಗೆ ಮಾತ್ರ. ಬಾಟ್ಲಿ ಮತ್ತು ಡಬ್ಬಿಗಳಲ್ಲಿ ತುಂಬಿ ಮಾರುವ ಮಾಲಿಗೆ ಹಳೆಯ ನಿಯಮವೇ ಉಳಿದಿದೆ. ಕುಡಿಯುವವನಿಗೆ ಒಂದಿಷ್ಟು ಸಮಾಧಾನ ದೊರೆತಿರಬಹುದು. ಆದರೆ ತಯಾರಿಸುವವರ ಕಷ್ಟವೆಲ್ಲ ಇದರಿಂದ ಬಗೆಹರಿಯಿತೆಂದು ಹೇಳುವಂತಿಲ್ಲ.

ಮದ್ಯದ ಮಾತು ಈ ಅಂಕಣದಲ್ಲೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಪಾನದ ಪ್ರಶಂಸೆ ಇಲ್ಲಿಯ ಉದ್ದೇಶವಲ್ಲ. ಪಾನನಿರೋಧಕ್ಕಾಗಿ ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ರಾಜ್ಯಕ್ಕೆ ನಿರ್ದೇಶವಿತ್ತಿರುವುದನ್ನು ನಾವು ಮರೆತಿಲ್ಲ. ಆದರೆ ಮುಂಬಯಿಯ ಇಡ್ಲಿ ಹೋಟೆಲಾಗಲಿ ಪರ್ಮಿಟ್ ರೂಮಾಗಲಿ, ನಮ್ಮವರು ಪರಸ್ಥಳಗಳಲ್ಲಿ ಕಟ್ಟಿದ ಉದ್ಯಮಗಳಲ್ಲಿ ಹೆಚ್ಚಿನವು ಮನೆತನದ ಉದ್ಯಮಗಳು. ಅಂಥದೊಂದು ಉದ್ಯಮವು ಆರೇಳು ತಲೆಗಳವರೆಗೆ ಒಡೆಯದೆ, ಮಾರಿಹೋಗದೆ ನಿಲ್ಲುವುದು ಹೇಗೆಂಬ ಪ್ರಶ್ನೆಯು ಗಲ್ಲೆಯ ಮೇಲೆ ಕುಳಿತವನಿಗೆಷ್ಟು ಮುಖ್ಯವೋ, ಮೇಜು ಒರೆಸುವವನಿಗೂ ಲೆಕ್ಕ ಬರೆಯುವ ಗುಮಾಸ್ತನಿಗೂ ಅಷ್ಟೇ ಮುಖ್ಯವಾದುದು. ಒಡೆಯ ಬದಲಾದರೆ ಮೊದಲು ಅಲುಗಾಡುವುದು ನೌಕರನ ಅನ್ನವೇ ಅಲ್ಲವೆ?

ಚಮ್ಮಾರಿಕೆಯಿಂದ ಬಿಯರಿನವರೆಗೆ

ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿ ಅಡಿಲೇಡಿನಲ್ಲಿ ಕೂಪರ್ಸ್ ಎಂಬ ಬಿಯರ್ ಕಾರ್ಖಾನೆಯಿದೆ. ಇದರ ಮೂಲಪುರುಷನಾದ ಥಾಮಸ್ ಕೂಪರನು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದವನು. 1852ರಲ್ಲಿ ಹೆಂಡತಿಯೊಡನೆ ಹಡಗು ಹತ್ತಿ ಬಂದವನು. ಕಲಿತ ಕಸುಬು ಪಾದರಕ್ಷೆ ಹೊಲಿಯುವುದು. ಬಂದ ನಾಡಿನಲ್ಲಿ ಗಾರೆಯ ಕೆಲಸವನ್ನೂ ಹಾಲಿನ ವ್ಯಾಪಾರವನ್ನೂ ಮಾಡಿದನು. ಹೊಟ್ಟೆಯ ಪಾಡಿಗೆ ಊರು ಬಿಟ್ಟು, ಸಿಕ್ಕಿದ ಕೆಲಸವನ್ನೆಲ್ಲ ಮಾಡಿದ ಮನುಷ್ಯನ ಚರಿತ್ರೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಸ್ವಸ್ಥಳಾಗಿದ್ದ ಹೆಂಡತಿ ಆನ್‌ಳಿಗೆ ಟಾನಿಕ್ಕಾಗಲೆಂದು ಅವನು 1862ರಲ್ಲಿ ಮನೆಯಲ್ಲಿ ಏಲ್ ಎಂಬ ಜಾತಿಯ ಬಿಯರನ್ನು ಇಳಿಸಿದನೆಂದು ಆ ಮನೆತನದವರು ಹೇಳುತ್ತಾರೆ. ಅದು ನೆರೆಹೊರೆಯವರಿಗೆ ಹಿಡಿಸಿತು, ವ್ಯಾಪಾರವಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಥಾಮಸನು ಮೆಥಡಿಸ್ಟ್ ಪಂಥದ ಶ್ರದ್ಧಾವಂತ ಕ್ರೈಸ್ತನಾಗಿದ್ದು, ಪಾನಗೃಹಗಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಆದುದರಿಂದ ಗಾಡಿಯಲ್ಲಿ ಮನೆಮನೆಗೆ ಮಾಲು ಮುಟ್ಟಿಸುವ ಪದ್ಧತಿಯನ್ನಿಟ್ಟುಕೊಂಡನು. ಅವನು 1897ರಲ್ಲಿ ಗತಿಸಿದನು. ಎರಡು ವಿವಾಹಗಳಿಂದ ಹತ್ತೊಂಬತ್ತು ಮಕ್ಕಳಾಗಿದ್ದರು. ಇಷ್ಟು ಸಂತಾನವಿದ್ದ ಮನೆಯಲ್ಲಿ ಪಾಲಿನ ಜಗಳದಿಂದಲೇ ಕಾರ್ಖಾನೆ ಮುಳುಗಬಹುದಾಗಿತ್ತು. ಗಂಡುಮಕ್ಕಳು ಅದನ್ನು ನಡೆಸಿಕೊಂಡು ಬಂದರು. 1923ರಲ್ಲಿ ಅದನ್ನು ಕಂಪೆನಿಯನ್ನಾಗಿ ಮಾಡಲಾಯಿತು. ಹಿಸ್ಸೆಗಳು ಶೇರುಗಳ ರೂಪ ಪಡೆದುದರಿಂದ, ಯಾರ ಪಾಲು ಎಷ್ಟೆಂಬುದು ಬಾಯಿಮಾತಿನಿಂದ ಕಾಗದಕ್ಕೆ ಬಂದಿತು.

ಮಾಲಿನ ವೈಶಿಷ್ಟ್ಯ

ಬಿಯರ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ. ಅದಕ್ಕೆ ಹಾಪ್ ಎಂಬ ಬಳ್ಳಿಯ ಹೂವಿನ ಕಹಿ. ಅನಂತರ ಯೀಸ್ಟ್ ಸೇರಿಸಿ ಹುದುಗಿಸುವುದು. ರುಬ್ಬಿದ ದೋಸೆಹಿಟ್ಟು ರಾತ್ರಿ ಕಳೆದು ಉಬ್ಬುವ ಬಗೆಯನ್ನು ಬಲ್ಲ ನಮ್ಮ ಅಡುಗೆ ಭಟ್ಟರಿಗೆ ಈ ತತ್ತ್ವ ಹೊಸದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದ ದೊಡ್ಡ ಕಾರ್ಖಾನೆಗಳು ತಣ್ಣಗೆ ಹುದುಗಿಸಿ, ಸೋಸಿ, ಗಾಜಿನಂತೆ ತಿಳಿಯಾಗಿಸಿದ ಲಾಗರ್ ಜಾತಿಯ ಕಡೆಗೆ ತಿರುಗಿದುವು. ಕೂಪರ್ಸಿನವರು 1960ರ ದಶಕದ ಕೊನೆಯವರೆಗೂ ಲಾಗರಿಗೆ ಕೈ ಹಾಕಲಿಲ್ಲ. ಏಲ್ ಮತ್ತು ಸ್ಟೌಟುಗಳನ್ನೇ ನೆಚ್ಚಿ ಕುಳಿತರು.

ಅವರ ಏಲ್ ಬಾಟ್ಲಿಯೊಳಗೇ ಎರಡನೆಯ ಸಲ ಹುದುಗುತ್ತದೆ. ಅದರಿಂದ ತಳದಲ್ಲಿ ಗಸಿ ನಿಲ್ಲುತ್ತದೆ. ಬಾಟ್ಲಿಯನ್ನು ಮೆಲ್ಲನೆ ಉರುಳಿಸಿ ಗಸಿಯನ್ನು ಬೆರೆಸಿಕೊಂಡು ಸುರಿಯುವುದು ಅಲ್ಲಿಯವರ ರೂಢಿ. ಕೆಂಪು ಲೇಬಲಿನ ಸ್ಪಾರ್ಕ್ಲಿಂಗ್ ಏಲಿನಲ್ಲಿ ಮದ್ಯಸಾರ ಶೇಕಡಾ 5.8, ಹಸುರು ಲೇಬಲಿನ ಪೇಲ್ ಏಲಿನಲ್ಲಿ 4.5, ಕಪ್ಪು ಬಣ್ಣದ ಸ್ಟೌಟಿನಲ್ಲಿ 6.3. ಇತರರು ಬಾಟ್ಲಿಯ ಮೇಲೆ ಇಂಥ ದಿನದೊಳಗೆ ಕುಡಿಯಿರೆಂದು ಮುದ್ರಿಸಿದರೆ, ಇವರು ಇಂಥ ದಿನದ ತರುವಾಯ ಕುಡಿದರೆ ಉತ್ತಮವೆಂದು ಮುದ್ರಿಸುವರು. ಗಸಿಯಿರುವ, ಮಬ್ಬಾದ ಈ ಪಾನೀಯ ಒಂದು ಕಾಲಕ್ಕೆ ಹಳೆಯ ಫ್ಯಾಶನ್ನಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಕಾಲಚಕ್ರ ತಿರುಗಿ, ಕೈಕಸುಬಿನ ಬಿಯರಿಗೆ ಮಾನ ಬಂದಾಗ ಆ ಹಳೆಯತನವೇ ಬಂಡವಾಳವಾಯಿತು.

ಹಠ ಒಂದರಿಂದಲೇ ಅವರು ಬದುಕಿದರೆಂದಲ್ಲ. ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳುವವರಿಗೆ ಮಾಲ್ಟಿನ ಗಟ್ಟಿ ಪಾಕವನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಬೇರೊಂದು ವ್ಯಾಪಾರವನ್ನು ಬೆಳೆಸಿ, ಅದನ್ನು ಹೊರದೇಶಗಳಿಗೂ ಒಯ್ದರು. 2001ರಲ್ಲಿ ಇಕ್ಕಟ್ಟಾದ ಹಳೆಯ ಜಾಗವನ್ನು ಬಿಟ್ಟು ರೀಜೆನ್ಸಿ ಪಾರ್ಕ್ ಎಂಬಲ್ಲಿ ಹೊಸ ಕಾರ್ಖಾನೆ ನಡೆಸತೊಡಗಿದರು. 2017ರಲ್ಲಿ ಅಲ್ಲಿಯೇ ಆರೂವರೆ ಕೋಟಿ ಡಾಲರ್ ವೆಚ್ಚದ ಮಾಲ್ಟ್ ಮನೆಯನ್ನು ಕಟ್ಟಿ, ತಮ್ಮ ಅಗತ್ಯ ಕಳೆದು ಉಳಿದ ಮಾಲ್ಟನ್ನು ಇತರರಿಗೂ ಮಾರುತ್ತಿದ್ದಾರೆ. ಕಾಫಿಬೀಜವನ್ನು ತಾನೇ ಹುರಿದು ಪುಡಿ ಮಾಡಿಸುವ ಹೋಟೆಲಿನವನಿಗೂ, ಪುಡಿಯನ್ನು ಸಾಲ ತರುವವನಿಗೂ ಇರುವ ಅಂತರ ನಮಗೆ ಗೊತ್ತಿದ್ದುದೇ.

2005ರ ಪರೀಕ್ಷೆ

ಈ ಕಂಪೆನಿಗೆ ನಿಜವಾದ ಗಂಡಾಂತರ ಬಂದುದು ಗಿರಾಕಿಗಳಿಂದಲ್ಲ, ಶೇರುಪುಸ್ತಕದಿಂದ. 1962ರಲ್ಲಿ ನೆರೆಯ ಸೌತ್ ಆಸ್ಟ್ರೇಲಿಯನ್ ಬ್ರೂವಿಂಗ್ ಕಂಪೆನಿಯು ಕೂಪರ್ಸಿನ ಶೇರುಗಳ ಒಂದು ಪಾಲನ್ನು ಪಡೆದಿತ್ತು. 1993ರಲ್ಲಿ ಆ ಕಂಪೆನಿಯ ಬಿಯರ್ ವ್ಯವಹಾರವು ಲಯನ್ ನೇಥನ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು. ನೆರೆಯವನೊಡನೆ ಮಾಡಿಕೊಂಡ ಒಪ್ಪಂದವು ಹೀಗೆ ಅಪರಿಚಿತನ ಕೈಗೆ ಬಂದಿತು. ಎರಡು ವರ್ಷಗಳ ಬಳಿಕ ಕೂಪರ್ಸಿನವರು ಆ ಶೇರುಗಳನ್ನು ಮರಳಿ ಕೊಂಡರಾದರೂ, ಒಂದು ಎಳೆ ಉಳಿದುಕೊಂಡಿತು: ಶೇರು ಮಾರುವವರಿದ್ದು ಮನೆತನದವರು ಕೊಳ್ಳದಿದ್ದರೆ, ಹೊರಗಿನವರಲ್ಲಿ ಮೊದಲು ಕೊಳ್ಳುವ ಹಕ್ಕು ಲಯನ್ ಸಂಸ್ಥೆಯದು.

2005ರ ಸೆಪ್ಟೆಂಬರಿನಲ್ಲಿ ಆ ಎಳೆಯನ್ನು ಲಯನ್ ಸಂಸ್ಥೆ ಜಗ್ಗಿತು. ಶೇರೊಂದಕ್ಕೆ 260 ಆಸ್ಟ್ರೇಲಿಯನ್ ಡಾಲರಿನಂತೆ, ಒಟ್ಟು ಸುಮಾರು 35 ಕೋಟಿ ಡಾಲರಿಗೆ ಕಂಪೆನಿಯನ್ನೇ ಕೊಳ್ಳುವುದಾಗಿ ಸಾರಿತು. ಮನೆತನದ ಹಿರಿಯರು ಒಲ್ಲೆವೆಂದಾಗ ಬೆಲೆಯನ್ನು 310 ಡಾಲರಿಗೆ, ಒಟ್ಟಿನಲ್ಲಿ ಸುಮಾರು 42 ಕೋಟಿಗೆ ಏರಿಸಿತು. ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆಗ ಕಂಪೆನಿಯನ್ನು ನಡೆಸುತ್ತಿದ್ದವರು ಅದೇ ಮನೆತನದ ಗ್ಲೆನ್ ಕೂಪರ್ ಮತ್ತು ಟಿಮ್ ಕೂಪರ್. ಎರಡನೆಯವರು ವೈದ್ಯವೃತ್ತಿಯನ್ನು ಬಿಟ್ಟು ಕಾರ್ಖಾನೆಗೆ ಬಂದವರು.

ಇಲ್ಲಿ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ತೂಗಿ ನೋಡತಕ್ಕದ್ದು. ಕೂಪರ್ಸ್ ಶೇರುಗಳು ಪೇಟೆಯಲ್ಲಿ ನಿತ್ಯ ಮಾರಾಟವಾಗುವಂಥವಲ್ಲ. ಕಾರ್ಖಾನೆಯಲ್ಲಿ ಹುದ್ದೆಯಿಲ್ಲದ, ದೂರದಲ್ಲಿ ನೆಲಸಿದ ಬಂಧುವಿಗೆ ಅವುಗಳಿಂದ ಬರುವುದು ಲಾಭಾಂಶ ಮಾತ್ರ. ಅಂಥವನ ಮುಂದೆ ದೊಡ್ಡ ಗಂಟನ್ನಿಟ್ಟರೆ ಮನಸ್ಸು ಚಲಿಸುವುದು ಸಹಜ; ಅದನ್ನು ದ್ರೋಹವೆನ್ನಲಾಗದು. ಹಾಗಿದ್ದರೂ 2005ರ ಡಿಸೆಂಬರಿನಲ್ಲಿ ಸೇರಿದ ಶೇರುದಾರರ ವಿಶೇಷ ಸಭೆಯಲ್ಲಿ, ಲಯನ್ ಸಂಸ್ಥೆಯ ಆ ಹಕ್ಕನ್ನು ನಿಯಮಾವಳಿಯಿಂದ ತೆಗೆದುಹಾಕುವ ಠರಾವಿಗೆ ಶೇಕಡಾ 93ಕ್ಕೂ ಹೆಚ್ಚು ಮತಗಳು ಬಿದ್ದುವು. ಕೊಳ್ಳಬಂದವರು ಹಿಂದೆ ಸರಿದರು.

ತರುವಾಯದ ಇಪ್ಪತ್ತು ವರ್ಷಗಳ ಇತಿಹಾಸವು ಆ ಮತದಾನದ ಬೆಲೆಯನ್ನು ತೋರಿಸಿಕೊಟ್ಟಿದೆ. ಲಯನ್ ಸಂಸ್ಥೆ 2009ರಲ್ಲಿ ಜಪಾನಿನ ಕಿರಿನ್ ಕಂಪೆನಿಗೆ ಪೂರ್ತಿಯಾಗಿ ಸೇರಿತು. ಫಾಸ್ಟರ್ಸ್ ಸಂಸ್ಥೆಯನ್ನು 2011ರಲ್ಲಿ ಪರದೇಶೀಯರು ಕೊಂಡರು. ಅದರ ಬಿಯರ್ ವ್ಯವಹಾರ ಕೈಯಿಂದ ಕೈಗೆ ದಾಟಿ 2020ರಲ್ಲಿ ಜಪಾನಿನದೇ ಆದ ಅಸಾಹಿ ಕಂಪೆನಿಯನ್ನು ಮುಟ್ಟಿತು. 2008ರಲ್ಲಿ ಹುಟ್ಟಿ ಹೆಸರು ಗಳಿಸಿದ ಸ್ಟೋನ್ ಅಂಡ್ ವುಡ್ ಎಂಬ ಚಿಕ್ಕ ಕಾರ್ಖಾನೆಯೂ 2021ರಲ್ಲಿ ಲಯನಿನ ಉಡಿಗೆ ಬಿದ್ದಿತು. ಹೀಗೆ ದೊಡ್ಡವರೆಲ್ಲ ಪರರ ಪಾಲಾದ ಮೇಲೆ, ಹೆಂಡತಿಯ ಟಾನಿಕ್ಕಿನಿಂದ ಆರಂಭವಾದ ಕಂಪೆನಿಯೇ ಆಸ್ಟ್ರೇಲಿಯನ್ನರ ಒಡೆತನದ ಅತಿ ದೊಡ್ಡ ಬಿಯರ್ ಕಾರ್ಖಾನೆ ಎನಿಸಿಕೊಂಡಿತು.

ಉಳಿಯದವರ ಕಥೆ

ಮಾರಿದವರ ಗತಿಯೇನೆಂಬುದಕ್ಕೆ ಅಮೆರಿಕದ ಸಾನ್ ಫ್ರಾನ್ಸಿಸ್ಕೋದ ಆಂಕರ್ ಕಾರ್ಖಾನೆಯನ್ನು ನೋಡಬಹುದು. ಮುಳುಗುತ್ತಿದ್ದ ಅದನ್ನು 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಎಂಬ ತರುಣರು ಕೈಗೆತ್ತಿಕೊಂಡು ದೇಶಕ್ಕೇ ಮಾದರಿಯಾಗಿಸಿದರು. 2010ರಲ್ಲಿ ಅವರು ಮಾರಿದರು. 2017ರಲ್ಲಿ ಜಪಾನಿನ ಸಪ್ಪೋರೋ ಕಂಪೆನಿ ಕೊಂಡಿತು. 2019ರಲ್ಲಿ ಕಾರ್ಮಿಕರು ಸಂಘ ಕಟ್ಟಿದರು. 2023ರ ಜುಲೈಯಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತು. 2024ರಲ್ಲಿ ಬೇರೊಬ್ಬ ಉದ್ಯಮಿ ಅದನ್ನು ಕೊಂಡರೆಂಬುದು ನಿಜ. ಆದರೆ ಕೆಲಸ ಕಳೆದುಕೊಂಡವನ ಒಲೆ ಒಡೆಯನ ಹುಡುಕಾಟ ಮುಗಿಯುವವರೆಗೆ ಕಾಯುವುದಿಲ್ಲ.

ನಮ್ಮ ನಾಡಿನ ಉದಾಹರಣೆಯೂ ದೂರದಲ್ಲಿಲ್ಲ. ಬೆಂಗಳೂರಿನ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿಗರು ಸ್ಥಾಪಿಸಿದರು. ಬಂಟವಾಳ ಮೂಲದ ವಿಠಲ ಮಲ್ಯರು 1947ರಲ್ಲಿ ಅದರ ಪ್ರಥಮ ಭಾರತೀಯ ಡೈರೆಕ್ಟರರಾಗಿ, ಕಾಲಕ್ರಮದಲ್ಲಿ ಅದನ್ನು ಬೃಹತ್ ಉದ್ಯಮವಾಗಿ ಬೆಳೆಸಿದರು. 1983ರಲ್ಲಿ ಅವರು ತೀರಿಕೊಂಡ ಮೇಲೆ ಪುತ್ರ ವಿಜಯ ಮಲ್ಯರ ಕೈಗೆ ಅಧಿಕಾರ ಬಂದಿತು. ಅಡಿಲೇಡಿನವರು ಶೇರುಪುಸ್ತಕವನ್ನು ಕಾಯುತ್ತಿದ್ದ ಅದೇ 2005ರಲ್ಲಿ ಇಲ್ಲಿ ಕಿಂಗ್‌ಫಿಶರ್ ವಿಮಾನ ಸಂಸ್ಥೆ ಆರಂಭವಾಯಿತು. 2012ರಲ್ಲಿ ಸಂಬಳ ಕಾಣದ ನೌಕರರು ಮುಷ್ಕರ ಹೂಡಿದರು, ಹಾರಾಟ ನಿಂತಿತು, ಸಾಲ ಉಳಿಯಿತು. ಬಿಯರ್ ಕಂಪೆನಿಯಲ್ಲಿದ್ದ ಮನೆತನದ ಶೇರುಗಳು ಸಾಲ ವಸೂಲಿಯಲ್ಲಿ ಮಾರಾಟವಾಗಿ, 2021ರ ಜೂನಿನಲ್ಲಿ ಹಾಲೆಂಡಿನ ಹೈನೆಕೆನ್ ಕಂಪೆನಿಯ ಪಾಲು ಶೇಕಡಾ 61.5ಕ್ಕೆ ಮುಟ್ಟಿತು. ಬಿಯರ್ ಇಂದಿಗೂ ಮಾರಾಟವಾಗುತ್ತಿದೆ. ಮನೆತನ ಮಾತ್ರ ಹೊರಗಾಯಿತು. ಒಂದು ಅಂಗಡಿಯ ಗಲ್ಲೆಯನ್ನು ಮತ್ತೊಂದರ ಸಾಲಕ್ಕೆ ಹೊಣೆ ನಿಲ್ಲಿಸಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ.

ನಮಗೇನು ಪಾಠ?

ಹೋಟೆಲು ನಡೆಸಿದ ಅನುಭವದಿಂದ ನಾವು ಹೇಳಬಲ್ಲೆವು: ನಮ್ಮಲ್ಲಿ ಅಣ್ಣತಮ್ಮಂದಿರ, ಭಾವಮೈದುನರ ಪಾಲುದಾರಿಕೆ ನಡೆಯುವುದು ಹೆಚ್ಚಾಗಿ ವಿಶ್ವಾಸದ ಮೇಲೆ. ವಿಶ್ವಾಸ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಹಿರಿಯನೊಡನೆ ಮಸಣಕ್ಕೆ ಹೋಗುತ್ತದೆ, ಕಾಗದ ಉಳಿಯುತ್ತದೆ. ಪಾಲು ಮಾರುವವನು ಮೊದಲು ಯಾರನ್ನು ಕೇಳಬೇಕು, ಬೆಲೆ ಕಟ್ಟುವವರು ಯಾರು, ದುಡಿಯುವ ಪಾಲುದಾರನಿಗೂ ಊರಲ್ಲಿ ಕುಳಿತ ಪಾಲುದಾರನಿಗೂ ಲಾಭ ಹಂಚುವ ಕ್ರಮವೇನು, ಇವಿಷ್ಟನ್ನು ಬರೆದಿಡದ ಮನೆಗೆ 2005 ಎಂದಾದರೂ ಒಂದು ದಿನ ಬಂದೇ ಬರುತ್ತದೆ. ಕೂಪರ್ಸಿನವರನ್ನು ಸಂಕಟಕ್ಕೆ ಸಿಕ್ಕಿಸಿದ್ದೂ ಕಾಗದದ ಒಂದು ಸಾಲು, ಪಾರುಮಾಡಿದ್ದೂ ಕಾಗದದ ಮೇಲಿನ ಮತವೇ.

ನೌಕರ ಬಂಧುಗಳಿಗೂ ಒಂದು ಮಾತು. ಉದ್ಯಮವು ಕೈ ಬದಲಾದಾಗ ಹೊಸ ಒಡೆಯನು ಸೇವೆಯನ್ನು ಮುರಿಯದೆ, ಸ್ಥಿತಿಗತಿಗಳನ್ನು ಕುಂದಿಸದೆ ಮುಂದುವರಿಸದಿದ್ದರೆ, ವರ್ಷ ತುಂಬಿದ ನೌಕರನಿಗೆ ಪರಿಹಾರ ಸಲ್ಲಬೇಕೆಂಬ ತತ್ತ್ವ ನಮ್ಮ ಕಾರ್ಮಿಕ ಕಾನೂನಿನಲ್ಲಿ ಬಹುಕಾಲದಿಂದ ಇದೆ. ಆದರೆ ವರ್ಷ ತುಂಬಿತೆಂಬುದಕ್ಕೆ ಸಾಕ್ಷಿ ಬೇಕಲ್ಲ! ನೇಮಕದ ಪತ್ರ, ಸಂಬಳದ ಚೀಟಿ, ಭವಿಷ್ಯನಿಧಿಯ ಖಾತೆಯ ಸಂಖ್ಯೆ, ಇವುಗಳನ್ನು ಕೇಳಿ ಪಡೆಯಲು ಸಂಕೋಚ ಪಡಬಾರದು. ಒಡೆಯನು ಊರವನು, ನಂಟನು, ನಮ್ಮ ಜನ ಎಂಬ ದಾಕ್ಷಿಣ್ಯದಿಂದ ಹತ್ತು ಹದಿನೈದು ವರ್ಷ ಹೆಸರಿಲ್ಲದೆ ದುಡಿದವನು, ಅಂಗಡಿಯ ಬೋರ್ಡು ಬದಲಾದ ದಿನ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಒಳ್ಳೆಯ ಒಡೆಯನಾದವನು ಕೇಳುವ ಮೊದಲೇ ಇವನ್ನು ಕೊಡತಕ್ಕದ್ದು.

ಸುಂಕದ ವಿನಾಯಿತಿಯು ಎರಡು ವರ್ಷಗಳಲ್ಲಿ ತೀರುವಂಥದು. ಅಡಿಲೇಡಿನ ಮನೆತನವೂ ಮುಂದೆ ಎಂದಾದರೂ ಮಾರಲು ಮನಸ್ಸು ಮಾಡಬಹುದು. ನೂರಾರು ವರ್ಷ ನಡೆದುದು ನಾಳೆಯೂ ನಡೆದೀತೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ಮಾರುವುದೋ ಉಳಿಸಿಕೊಳ್ಳುವುದೋ ಎಂಬುದನ್ನು ಸಭೆ ಸೇರಿ, ಲೆಕ್ಕ ಮುಂದಿಟ್ಟು, ತಾವಾಗಿಯೇ ನಿರ್ಧರಿಸುವ ಶಕ್ತಿಯನ್ನು ಅವರು ಕಳೆದುಕೊಂಡಿಲ್ಲ. ಪರಸ್ಥಳದಲ್ಲಿ ಬೆವರು ಸುರಿಸಿ ಕಟ್ಟಿದ ನಮ್ಮ ಉದ್ಯಮಗಳಿಗೂ ಆ ಶಕ್ತಿ ಇರಬೇಕಾದರೆ, ಈ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ಮೊದಲು ಹಳೆಯ ಪಾಲುಪತ್ರವನ್ನೊಮ್ಮೆ ತೆರೆದು ಓದುವುದು ಲೇಸು. ಪತ್ರವೇ ಇಲ್ಲದಿದ್ದರೆ ಬರೆಯಿಸುವುದು ಇನ್ನೂ ಲೇಸು.