ನೀರಿನ ದಡದಲ್ಲಿ ಡೇರೆ ಹಾಕುವ ಮುನ್ನ

2025ರ ಅಕ್ಟೋಬರ್‌ನಿಂದೀಚೆಗೆ ತುಮಕೂರಿನ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. “ಹೆಂಗಸರಿಗೆ, ಮಕ್ಕಳಿಗೆ ಈ ಡ್ಯಾಮು, ಕೆರೆ, ಬೆಟ್ಟ ಎಲ್ಲ ಯಾಕೆ? ಮನೆಯಲ್ಲಿರಲಿ.” ಆ ತಿಂಗಳು ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ವಿಹಾರಕ್ಕೆಂದು ಹೋಗಿದ್ದ ಒಂದೇ ಕುಟುಂಬದ ಆರು ಮಂದಿ ನೀರುಪಾಲಾದರು. ಅವರಲ್ಲಿ ಹೆಂಗಸರೂ ಇದ್ದರು, ಪುಟ್ಟ ಮಕ್ಕಳೂ ಇದ್ದರು. ನೀರಿನಲ್ಲಿ ಮುಳುಗಿ ತೀರಿಕೊಂಡವರಿಗೆ ಶಹೀದರ ದರ್ಜೆ ಇದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಾಹನು ಅವರನ್ನು ಆ ಸಾಲಿಗೆ ಸೇರಿಸಲಿ, ಆಮೀನ್.

ಆದರೆ ಆ ದುರಂತದಿಂದ ನಾವು ಕಲಿಯಬೇಕಾದ ಪಾಠ ಮನೆಯ ಬಾಗಿಲು ಮುಚ್ಚುವುದೇ? ನನಗೆ ಹಾಗೆನಿಸುವುದಿಲ್ಲ.

ಮೊದಲು ಅಲ್ಲಿ ನಡೆದದ್ದೇನೆಂದು ತಿಳಿಯೋಣ. ಮಾರ್ಕೋನಹಳ್ಳಿ ಅಣೆಕಟ್ಟು ಶಿಂಷಾ ನದಿಗೆ ಅಡ್ಡಲಾಗಿದೆ. ಆ ಶಿಂಷಾ ಹುಟ್ಟುವುದು ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಗಳಲ್ಲಿ. ಅಲ್ಲಿಂದ ಗುಬ್ಬಿ ತಾಲೂಕಿಗೆ ಇಳಿದು, ಕಡಬದ ದೊಡ್ಡ ಕೆರೆಯನ್ನು ತುಂಬಿ ಕುಣಿಗಲ್ ಕಡೆಗೆ ಸಾಗುತ್ತದೆ. ಈ ಅಣೆಕಟ್ಟಿನ ವಿಶೇಷವೆಂದರೆ ಅದರ ಸೈಫನ್ ವ್ಯವಸ್ಥೆ. ರೇಷನ್ ಸೀಮೆಎಣ್ಣೆಯ ಡ್ರಮ್ಮಿಗೆ ಪೈಪು ಇಳಿಸಿ ಒಮ್ಮೆ ಬಾಯಿಂದ ಎಳೆದುಬಿಟ್ಟರೆ ಎಣ್ಣೆ ತಾನಾಗಿಯೇ ರಭಸದಿಂದ ಸುರಿಯುವುದನ್ನು ನಮ್ಮ ವಯಸ್ಸಿನ ಸಹೋದರಿಯರು ನೋಡಿಯೇ ಇರುತ್ತಾರೆ. ಸೈಫನ್ ಎಂದರೆ ಅದೇ. ಇಲ್ಲಿ ಎಳೆಯುವವರು ಯಾರೂ ಬೇಕಿಲ್ಲ. ಜಲಾಶಯದ ನೀರು ಒಂದು ಮಟ್ಟ ದಾಟಿದ ಕೂಡಲೇ ಕೊಳವೆಗಳು ತಾವಾಗಿ ತುಂಬಿಕೊಂಡು ನೀರನ್ನು ಒಮ್ಮೆಲೇ ಹೊರಗೆ ನೂಕುತ್ತವೆ. ಗೇಟು ಎತ್ತುವ ನೌಕರನಿಲ್ಲ, ಆದ್ದರಿಂದ ಎಚ್ಚರಿಸುವವನೂ ಇಲ್ಲದಿರಬಹುದು. ಮಳೆ ಸುರಿದದ್ದು ದೂರದ ಗುಬ್ಬಿಯಲ್ಲಿ, ಇಲ್ಲಿ ಆಕಾಶ ಶುಭ್ರ; ಮೊಣಕಾಲುದ್ದದ ನೀರಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಅಂದು ನೀರಿನಲ್ಲಿದ್ದವರ ಮೇಲೆ ಹಾಗೆಯೇ ಹಠಾತ್ತನೆ ಪ್ರವಾಹ ಬಂತು.

ಇದನ್ನು ತಿಳಿದವರು ಅಣೆಕಟ್ಟಿನ ಕೆಳಭಾಗದಲ್ಲಿ ಚಾಪೆ ಹಾಸುವುದಿಲ್ಲ. ತಿಳಿಯದವರು ಗಂಡಸರಾದರೂ ಅಷ್ಟೆ, ಹೆಂಗಸರಾದರೂ ಅಷ್ಟೆ. ನೀರು ಬುರ್ಖಾ ನೋಡಿ ಬರುವುದಿಲ್ಲ.

ಈಗ ರಜೆ ಬಂದರೆ ಬೆಟ್ಟದ ಕೆರೆಗಳ ದಡದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವುದು ಬೆಂಗಳೂರಿನವರಿಗೆ ರೂಢಿಯಾಗಿದೆ. ಮಲಗುವ ಸೀಟು, ಒಲೆ, ಶೌಚಾಲಯ ಎಲ್ಲವೂ ಇರುವ ಕ್ಯಾರವಾನ್ ಗಾಡಿಗಳೂ ನಮ್ಮ ರಾಜ್ಯದಲ್ಲಿ ಬಾಡಿಗೆಗೆ ಸಿಗುತ್ತಿವೆ. ನಮ್ಮ ಮನೆಗಳ ಹುಡುಗರು ಗೆಳೆಯರ ಜೊತೆ ಹೋಗಿ ಬಂದು ಫೋಟೋ ತೋರಿಸುತ್ತಾರೆ. ಅವರ ತಾಯಿ, ಅಕ್ಕ, ತಂಗಿ ಆ ಫೋಟೋಗಳನ್ನು ನೋಡಿ “ಮಾಶಾ ಅಲ್ಲಾಹ್” ಎನ್ನುತ್ತಾರೆ, ಅಷ್ಟೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡುವಂತೆ ಸೂರಃ ಅನ್ಕಬೂತ್‌ನಲ್ಲಿ ಬಂದಿರುವ ಕರೆ ಗಂಡುಮಕ್ಕಳಿಗೆ ಮಾತ್ರ ಇಳಿದದ್ದೇ?

ಬಯಲಲ್ಲಿ ತಂಗುವುದು ಮುಸ್ಲಿಮ್ ಮಹಿಳೆಗೆ ಹೊಸತೇನೂ ಅಲ್ಲ. ಹಜ್‌ಗೆ ಹೋದ ನಮ್ಮ ಅಜ್ಜಿಯಂದಿರು ಮಿನಾದಲ್ಲಿ ಡೇರೆಯಲ್ಲಿದ್ದವರು, ಮುಝ್ದಲಿಫಾದಲ್ಲಿ ನಕ್ಷತ್ರಗಳ ಕೆಳಗೆ ಮಲಗಿದವರು. ಇನ್ನೂ ಹಿಂದೆ ಹೋಗಿ. ಒಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ)ರ ಕಂಠಹಾರ ಕಳೆದುಹೋಯಿತು. ಅದನ್ನು ಹುಡುಕಲೆಂದು ಪ್ರವಾದಿವರ್ಯರು(ಸ) ಇಡೀ ದಂಡನ್ನು ನೀರಿಲ್ಲದ ಜಾಗದಲ್ಲಿ ನಿಲ್ಲಿಸಿದರು. ತಂದೆ ಅಬೂಬಕರ್(ರ) ಮಗಳನ್ನು ಚೆನ್ನಾಗಿಯೇ ಗದರಿದರು. ಬೆಳಗಾದಾಗ ತಯಮ್ಮುಮ್‌ನ ವಚನ ಅವತೀರ್ಣವಾಯಿತು. ಒಬ್ಬ ಹೆಣ್ಣುಮಗಳ ಸರಕ್ಕಾಗಿ ನಿಂತ ರಾತ್ರಿಯಿಂದ ಇಡೀ ಸಮುದಾಯಕ್ಕೆ ರಿಯಾಯಿತಿ ದೊರಕಿತು. ಇನ್ನೊಂದು ಪ್ರಯಾಣದಲ್ಲಿ ಪ್ರವಾದಿ(ಸ) ಅವರೊಂದಿಗೆ ಓಟದ ಪಂದ್ಯವನ್ನೇ ಓಡಿದರು, ಆಯಿಶಾ(ರ) ಗೆದ್ದರು. ಹೆಂಡತಿಯನ್ನು ಬೆಟ್ಟಕ್ಕೆ ಕರೆದೊಯ್ದು ಒಲೆಯ ಮುಂದೆ ಕೂರಿಸುವ ನಮ್ಮ ಸಹೋದರರು ಈ ಹದೀಸನ್ನು ಒಮ್ಮೆ ಓದಬೇಕು.

ತಂಗುವ ಜಾಗದ ಬಗ್ಗೆ ನಮ್ಮ ದೀನ್‌ನಲ್ಲಿ ಎಷ್ಟು ಸೂಕ್ಷ್ಮವಾದ ಸೂಚನೆಗಳಿವೆ ನೋಡಿ. ರಾತ್ರಿ ತಂಗುವಾಗ ದಾರಿಯ ಮೇಲೆ ಇಳಿಯಬೇಡಿ, ಅದು ರಾತ್ರಿ ಹೊತ್ತು ಹುಳಹುಪ್ಪಟೆಗಳ ಆಶ್ರಯ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮ ಕಡೆಗೆ ಇದು ಅಕ್ಷರಶಃ ಹೊಂದುತ್ತದೆ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿಗಳಿವೆ. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದದ್ದನ್ನು ಮರೆಯಬಾರದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಟೆಂಟ್ ಹಾಕುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಹಗಲು ನಾಮದ ಚಿಲುಮೆಯ ಬಳಿ ಕಳೆದು ಮಗ್ರಿಬ್‌ಗೆ ಮುಂಚೆ ಊರು ಸೇರಿ. ರಾತ್ರಿ ಉಳಿಯಲೇಬೇಕೆಂದಿದ್ದರೆ ಕಾವಲು, ಬೆಳಕು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರುವ ಜಾಗ ಹುಡುಕಿ. ಶೌಚಾಲಯದ ವಿಷಯವನ್ನು ಮುಂಗಡ ಹಣ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿ. ಗಂಡಸರು ಇದನ್ನು ಕೇಳಲು ಮರೆಯುತ್ತಾರೆ. ಆಮೇಲೆ ಹೆಂಗಸರು ನೀರು ಕುಡಿಯದೆ ದಿನ ಕಳೆಯುತ್ತಾರೆ.

ಸಹಾಬಿಗಳು ಪ್ರಯಾಣದಲ್ಲಿ ಕಣಿವೆಗಳಲ್ಲಿ ಚದುರಿ ಇಳಿಯುತ್ತಿದ್ದರಂತೆ. ಹಾಗೆ ಚದುರುವುದು ಶೈತಾನನಿಂದ ಎಂದು ಪ್ರವಾದಿ(ಸ) ಎಚ್ಚರಿಸಿದ ಮೇಲೆ ಒಂದೇ ಬಟ್ಟೆ ಹೊದಿಸಿದರೆ ಎಲ್ಲರಿಗೂ ಸಾಲುವಷ್ಟು ಹತ್ತಿರ ಇಳಿಯತೊಡಗಿದರೆಂದು ಅಬೂದಾವೂದ್‌ನಲ್ಲಿದೆ. ನೀರಿನ ಬಳಿ ಹೋಗುವಾಗ ಇದನ್ನು ನೆನಪಿಡಿ. ದೊಡ್ಡವರೆಲ್ಲ ಮಾತಿಗೆ ಕುಳಿತಾಗ “ಮಕ್ಕಳನ್ನು ಯಾರೋ ನೋಡುತ್ತಿದ್ದಾರೆ” ಎಂದು ಎಲ್ಲರೂ ಭಾವಿಸಿರುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. ಒಬ್ಬರನ್ನು ಹೆಸರು ಹೇಳಿ ನೇಮಿಸಿ. ನೇಮಕವಾದವರ ಕೈಯಲ್ಲಿ ಮೊಬೈಲ್ ಬೇಡ. ಮುಳುಗುವವರನ್ನು ಕಂಡಾಗ ಈಜು ಬಾರದವರು ಒಬ್ಬರ ಹಿಂದೆ ಒಬ್ಬರು ನೀರಿಗೆ ಇಳಿಯುವುದರಿಂದಲೇ ಒಂದು ಸಾವು ನಾಲ್ಕಾಗುತ್ತದೆ. ದುಪಟ್ಟಾ, ಹಗ್ಗ, ಖಾಲಿ ನೀರಿನ ಕ್ಯಾನು, ಕೈಗೆ ಸಿಕ್ಕಿದ್ದನ್ನು ದಡದಿಂದಲೇ ಎಸೆಯಿರಿ, ಕೂಗಿ ಜನರನ್ನು ಕರೆಯಿರಿ.

ಬೆಂಕಿಯದು ಇನ್ನೊಂದು ಅಪಾಯ. ಮಲಗುವ ಮೊದಲು ಬೆಂಕಿ ಆರಿಸುವಂತೆ ಪ್ರವಾದಿ(ಸ) ಆದೇಶಿಸಿದ್ದಾರೆ. 1997ರ ಏಪ್ರಿಲ್‌ನಲ್ಲಿ ಮಿನಾದ ಡೇರೆಗಳಿಗೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಹಾಜಿಗಳು ತೀರಿಕೊಂಡರು. ಆ ಬಳಿಕವೇ ಅಲ್ಲಿ ಬೆಂಕಿ ಹಿಡಿಯದ ಡೇರೆಗಳು ಬಂದವು. ಚಳಿಯೆಂದು ಟೆಂಟಿನೊಳಗೆ ಕೆಂಡದ ಬಾಣಲೆ ಇಡುವುದು ಅದಕ್ಕಿಂತ ಮೋಸದ್ದು. ಬಣ್ಣ ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಕ್ಯಾರವಾನ್‌ಗೂ ಈ ಮಾತು ಸಲ್ಲುತ್ತದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಸಿಕ್ಕರು. ಜನರೇಟರ್‌ನ ಹೊಗೆ ಒಳಗೆ ಸೇರಿತ್ತು.

ನಮಾಝ್ ಬಗ್ಗೆ ಸಹೋದರಿಯರು ಕೇಳುವುದುಂಟು. ಹನಫೀಗಳಲ್ಲಿ ಕಸ್ರ್‌ಗೆ ಸುಮಾರು 77–78 ಕಿ.ಮೀ. ಪ್ರಯಾಣ ಬೇಕು. ತುಮಕೂರಿನಿಂದ ದೇವರಾಯನದುರ್ಗಕ್ಕಾಗಲಿ ಕುಣಿಗಲ್‌ಗಾಗಲಿ ಹೋದರೆ ಪೂರ್ತಿ ನಮಾಝೇ. ಶಾಫಿಈ ಓದುಗರು ತಮ್ಮ ಉಸ್ತಾದರಲ್ಲಿ ವಿಚಾರಿಸಿ. ಕೆರೆ ಪಕ್ಕದಲ್ಲಿದ್ದು, ನೀರು ತಣ್ಣಗಿದೆ ಎಂಬ ಸೋಮಾರಿತನಕ್ಕೆ ತಯಮ್ಮುಮ್ ಸಲ್ಲದು. ಆದರೆ ವುಝೂಗೆಂದು ಜಾರುವ ಕಲ್ಲಿನ ಮೇಲೆ ಒಬ್ಬಂಟಿಯಾಗಿ ಕೂರಬೇಡಿ, ಬಿಂದಿಗೆಯಲ್ಲಿ ನೀರು ತರಿಸಿಕೊಳ್ಳಿ. ತಂಗುದಾಣದಲ್ಲಿ ಇಳಿದಾಗ ಅಲ್ಲಾಹನ ಪರಿಪೂರ್ಣ ವಚನಗಳ ಮೂಲಕ ಅಭಯ ಬೇಡುವ ದುಆ ಎಲ್ಲರಿಗೂ ಪರಿಚಿತ. ಅದನ್ನು ನಮಗೆ ತಲುಪಿಸಿದವರು ಒಬ್ಬ ಮಹಿಳೆ, ಖೌಲಾ ಬಿಂತ್ ಹಕೀಮ್(ರ).

ಇನ್ನು ಊಟ. ಕಾಡಿನಲ್ಲಿ ಡೇಗ್ಚಿ ಏರಿಸುವ ಹಠ ಬಿಡಿ. ಮನೆಯಲ್ಲೇ ಮಾಡಿದ ರೊಟ್ಟಿ, ಬೇಯಿಸಿದ ಮೊಟ್ಟೆ, ಖೀಮಾ ಸಾಕು. ಬೆಳಿಗ್ಗೆ ಅದನ್ನು ಕಟ್ಟುವ ಕೆಲಸ ಗಂಡಸರು ಮಾಡಲಿ. ತಟ್ಟೆ, ಪ್ಲಾಸ್ಟಿಕ್ ಎಲ್ಲ ಚೀಲದಲ್ಲಿ ವಾಪಸ್ಸು ಬರಲಿ. ಜನ ಕೂರುವ ನೆರಳನ್ನೂ ನೀರಿನ ಜಾಗವನ್ನೂ ಹೊಲಸು ಮಾಡುವವರ ಮೇಲೆ ಶಾಪ ಬೀಳುತ್ತದೆಂದು ಹದೀಸಿನಲ್ಲಿದೆ. ಮತ್ತೆ, ದೇವರಾಯನದುರ್ಗದಲ್ಲಿ ಬುತ್ತಿ ಬಿಚ್ಚುವ ಮುನ್ನ ಸುತ್ತಲಿನ ಮರಗಳನ್ನು ಒಮ್ಮೆ ನೋಡಿ. ಅಲ್ಲಿನ ಮಂಗಗಳು ಅತಿಥಿಗಳಿಗಾಗಿ ಕಾಯುವುದಿಲ್ಲ.